ಆತ್ಮದ ಪುರಾವೆಗೆ ಮೀಸಲಿಟ್ಟ ಆಸ್ತಿ

ಅಮೆರಿಕದ ಅರಿಜೋನಾದಲ್ಲಿ ಜೇಮ್ಸ್ ಕಿಡ್ ಎಂಬ ಒಂಟಿ ಮನುಷ್ಯನಿದ್ದ. 1949ರಲ್ಲಿ ಚಿನ್ನ ಹುಡುಕಿಕೊಂಡು ಬೆಟ್ಟದ ಕಡೆ ಹೋದವನು ವಾಪಸ್ ಬರಲೇ ಇಲ್ಲ.

ಆಮೇಲೆ ಸಿಕ್ಕಿತು ಅವನ ಕೈಬರಹದ ಉಯಿಲು. ಸಾಯುವಾಗ ಆತ್ಮ ದೇಹ ಬಿಟ್ಟು ಹೋಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಹುಡುಕುವವರಿಗೆ ತನ್ನ ಹಣ ಸೇರಲಿ, ಮುಂದೊಂದು ದಿನ ಆತ್ಮದ ಫೋಟೊ ಕೂಡ ತೆಗೆಯಬಹುದು ಎಂದು ಬರೆದಿದ್ದ. ಮೊತ್ತ? ಒಂದೂವರೆ ಲಕ್ಷ ಡಾಲರ್‌ಗೂ ಮೇಲೆ!

1967ರಲ್ಲಿ ಫೀನಿಕ್ಸ್ ನಗರದ ಕೋರ್ಟಿನಲ್ಲಿ ವಿಚಾರಣೆ. ಹಕ್ಕು ಸಾಧಿಸಲು ಬಂದವರು ನೂರಕ್ಕೂ ಹೆಚ್ಚು. ದುಡ್ಡಿನ ವಾಸನೆ ಅಂಥದ್ದು. ಮೊದಲ ತೀರ್ಪು ಒಂದು ನರವಿಜ್ಞಾನ ಸಂಸ್ಥೆಯ ಪರವಾಯಿತು; ಮೇಲ್ಮನವಿಯ ನಂತರ ಹಣ ಅಮೆರಿಕನ್ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಪಾಲಾಯಿತು.

ಆ ಸಂಸ್ಥೆಯ ಕಾರ್ಲಿಸ್ ಓಸಿಸ್ ಮತ್ತು ಸಂಗಡಿಗ ಎರ್ಲೆಂಡುರ್ ಹರಾಲ್ಡ್‌ಸನ್ 1970ರ ದಶಕದಲ್ಲಿ ಉತ್ತರ ಭಾರತಕ್ಕೂ ಬಂದರು. ಸಾಯುವ ರೋಗಿಗಳು ಏನು ಕಂಡರೆಂದು ವೈದ್ಯರನ್ನೂ ನರ್ಸ್‌ಗಳನ್ನೂ ವಿಚಾರಿಸಿದರು. ಅಮೆರಿಕದವರಿಗೆ ಹೆಚ್ಚಾಗಿ ಕಂಡದ್ದು ತೀರಿಹೋದ ಬಂಧುಗಳು. ನಮ್ಮವರಿಗೆ? ದೇವರು, ಯಮದೂತರು.

ಇದು ಪರಲೋಕದ ಸುಳಿವೆಂದು ಸಂಶೋಧಕರು ವಾದಿಸಿದರು. ಆದರೆ ಊರು ಬದಲಾದಂತೆ ಕರೆಯಲು ಬರುವವರೂ ಬದಲಾದರೆ, ಅದು ಪರಲೋಕದ ಸುದ್ದಿಯೋ, ಬೆಳೆದ ಮನೆಯ ಸಂಸ್ಕಾರವೋ?

ಪರಲೋಕವನ್ನು ಗಟ್ಟಿಯಾಗಿ ನಂಬಿದ್ದ 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಕೂಡ ನಂಬಿಕೆಯನ್ನೂ ಜ್ಞಾನವನ್ನೂ ಬೇರೆಬೇರೆಯಾಗಿಯೇ ಇಟ್ಟಿದ್ದರು. ಆ ಲೆಕ್ಕದಲ್ಲಿ ಪರಲೋಕದ ನಂಬಿಕೆ ಎಷ್ಟೇ ದೃಢವಾಗಿದ್ದರೂ ಖಚಿತ ಜ್ಞಾನವಲ್ಲ. ನಿಮ್ಮ ವಾದ ಬೇರೆಯೇ? ಕಾಮೆಂಟಿನಲ್ಲಿ ಬರೆಯಿರಿ.