ಗರ್ಭಕೋಶದ ನಾರುಗಡ್ಡೆ: ಚಿಕಿತ್ಸಾ ಆಯ್ಕೆಗಳ ಮಾಹಿತಿ

ಗರ್ಭಕೋಶದ ನಾರುಗಡ್ಡೆ ಅಥವಾ ಫೈಬ್ರಾಯ್ಡ್ ಎಂಬುದು ಗರ್ಭಕೋಶದ ಗೋಡೆಯ ಸ್ನಾಯು ಹಾಗೂ ನಾರಿನ ಅಂಗಾಂಶದಿಂದ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಡ್ಡೆಯಾಗಿದೆ. ಆಡುಮಾತಿನಲ್ಲಿ ಇದನ್ನು ಗರ್ಭಕೋಶದ ಗಡ್ಡೆ, ಗರ್ಭಚೀಲದ ಗಡ್ಡೆ ಎಂದು ಕರೆಯುತ್ತಾರೆ. ಇದಕ್ಕೆ ಔಷಧಿಯಿಂದ ಹಿಡಿದು ಶಸ್ತ್ರಚಿಕಿತ್ಸೆಯವರೆಗೆ ಹಲವು ಬಗೆಯ ಚಿಕಿತ್ಸೆಗಳಿವೆ. ಯಾವ ಚಿಕಿತ್ಸೆ ಸೂಕ್ತವೆಂಬುದು ಗಡ್ಡೆಯ ಗಾತ್ರ, ಸಂಖ್ಯೆ, ಇರುವ ಜಾಗ, ಮಹಿಳೆಯ ವಯಸ್ಸು, ರೋಗಲಕ್ಷಣಗಳು ಮತ್ತು ಮುಂದೆ ಮಕ್ಕಳು ಬೇಕೆಂಬ ಇಚ್ಛೆಯನ್ನು ಅವಲಂಬಿಸಿದೆ. ಆದ್ದರಿಂದ ಚಿಕಿತ್ಸೆಗೆ ಒಪ್ಪುವ ಮೊದಲು ಎಲ್ಲ ಆಯ್ಕೆಗಳ ಮಾಹಿತಿ ದೊರೆಯುವುದು ಮುಖ್ಯವಾಗಿದೆ.

ಮಾಹಿತಿಯ ಅಗತ್ಯ

ನಾರುಗಡ್ಡೆ ಬಹಳ ಸಾಮಾನ್ಯವಾದದ್ದು. ಅನೇಕರಲ್ಲಿ ಯಾವ ತೊಂದರೆಯನ್ನೂ ಕೊಡದೆ, ಬೇರೆ ಕಾರಣಕ್ಕೆ ಸ್ಕ್ಯಾನಿಂಗ್ ಮಾಡಿಸಿದಾಗ ಕಂಡುಬರುತ್ತದೆ. ತೊಂದರೆ ಕೊಡುವವುಗಳಲ್ಲಿ ಮುಟ್ಟಿನ ಸಮಯದ ಅತಿಯಾದ ರಕ್ತಸ್ರಾವ, ಅದರಿಂದಾಗುವ ರಕ್ತಹೀನತೆ, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರ ವಿಸರ್ಜನೆ ಮತ್ತು ಕೆಲವೊಮ್ಮೆ ಗರ್ಭಧಾರಣೆಗೆ ಅಡ್ಡಿ ಮುಖ್ಯ ಲಕ್ಷಣಗಳು.

‘ಗಡ್ಡೆ’ ಎಂಬ ಪದ ಕೇಳಿದೊಡನೆ ಕ್ಯಾನ್ಸರಿನ ಭಯ ಮೂಡುವುದುಂಟು. ಸಾಮಾನ್ಯ ನಾರುಗಡ್ಡೆ ಕ್ಯಾನ್ಸರ್ ಆಗಿ ಬದಲಾಗುವುದು ಅತ್ಯಂತ ವಿರಳ. ಆದರೆ ಮುಟ್ಟು ನಿಂತ ನಂತರ ರಕ್ತಸ್ರಾವವಾದರೆ ಅಥವಾ ಗಡ್ಡೆ ಬೆಳೆದರೆ ತಪಾಸಣೆ ಅಗತ್ಯ. ಮಕ್ಕಳಾದ ಮೇಲೆ ಗರ್ಭಕೋಶದಿಂದ ಉಪಯೋಗವಿಲ್ಲ ಎಂಬ ನಂಬಿಕೆಯೂ ಈ ಭಯವೂ ಸೇರಿ ಅನೇಕರನ್ನು ಗರ್ಭಕೋಶ ತೆಗೆಸುವ ನಿರ್ಧಾರಕ್ಕೆ ಬೇಗ ತಂದುಬಿಡುತ್ತವೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 3.2ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಇವುಗಳಲ್ಲಿ ಸುಮಾರು ಮೂರನೇ ಎರಡು ಭಾಗ ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು.

ಸ್ಕ್ಯಾನಿಂಗ್ ವರದಿ

ಮಾಹಿತಿಯ ಮೊದಲ ಮೂಲ ಅಲ್ಟ್ರಾಸೌಂಡ್ ವರದಿ. ಅದರಲ್ಲಿ ಗಡ್ಡೆಗಳ ಸಂಖ್ಯೆ, ಸೆಂಟಿಮೀಟರಿನಲ್ಲಿ ಗಾತ್ರ ಹಾಗೂ ಸ್ಥಾನ ನಮೂದಾಗಿರುತ್ತವೆ. ಸ್ಥಾನಕ್ಕೆ ಅನುಸಾರವಾಗಿ ಗಡ್ಡೆಗಳಲ್ಲಿ ಮುಖ್ಯವಾಗಿ ಮೂರು ವಿಧಗಳಿವೆ:

• ಸಬ್‌ಮ್ಯೂಕೋಸಲ್: ಗರ್ಭಕೋಶದ ಒಳಪೊರೆಯ ಕಡೆಗೆ ಚಾಚಿರುವುದು. ಚಿಕ್ಕದಾಗಿದ್ದರೂ ಹೆಚ್ಚು ರಕ್ತಸ್ರಾವ ಉಂಟುಮಾಡಬಲ್ಲದು.
• ಇಂಟ್ರಾಮ್ಯೂರಲ್: ಗೋಡೆಯ ಸ್ನಾಯುವಿನೊಳಗೆ ಇರುವುದು.
• ಸಬ್‌ಸೀರೋಸಲ್: ಹೊರಮೈಯಲ್ಲಿ ಬೆಳೆಯುವುದು. ಸಾಮಾನ್ಯವಾಗಿ ರಕ್ತಸ್ರಾವಕ್ಕಿಂತ ಒತ್ತಡದ ತೊಂದರೆ ಹೆಚ್ಚು.

ಹೀಗಾಗಿ ಒಂದೇ ಗಾತ್ರದ ಗಡ್ಡೆಯಿರುವ ಇಬ್ಬರಿಗೆ ಬೇರೆ ಬೇರೆ ಚಿಕಿತ್ಸೆ ಬೇಕಾಗಬಹುದು. ನೆರೆಯವರ ಅಥವಾ ಬಂಧುಗಳ ಅನುಭವವನ್ನು ಹಾಗೆಯೇ ಅನ್ವಯಿಸಲು ಆಗದಿರುವುದು ಇದೇ ಕಾರಣಕ್ಕೆ.

ಚಿಕಿತ್ಸೆಯ ವಿಧಗಳು

ತೊಂದರೆಯಿಲ್ಲದ ಗಡ್ಡೆಗೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ. ಮುಟ್ಟು ನಿಂತ ನಂತರ ಗಡ್ಡೆಗಳು ಕುಗ್ಗುವುದರಿಂದ ಆ ವಯಸ್ಸಿಗೆ ಹತ್ತಿರವಿರುವವರು ವೈದ್ಯರ ನಿಗಾದಲ್ಲಿ ಕಾಯಬಹುದು.

ರಕ್ತಸ್ರಾವ ತಗ್ಗಿಸಲು ಟ್ರನೆಕ್ಸಾಮಿಕ್ ಆಮ್ಲ, ಹಾರ್ಮೋನ್ ಮಾತ್ರೆಗಳು ಮತ್ತು ಗರ್ಭಕೋಶದೊಳಗೆ ಇರಿಸುವ ಲೆವೊನೊರ್ಜೆಸ್ಟ್ರೆಲ್ ಸಾಧನ ಬಳಕೆಯಲ್ಲಿವೆ. ಜಿಎನ್‌ಆರ್‌ಎಚ್ ಗುಂಪಿನ ಔಷಧಿಗಳು ಗಡ್ಡೆಯನ್ನು ಕುಗ್ಗಿಸುತ್ತವೆ. ಅವುಗಳಿಂದ ಮೂಳೆ ಸವೆಯುವ ಸಾಧ್ಯತೆಯಿರುವುದರಿಂದ ಬಳಕೆಯ ಅವಧಿಗೆ ಮಿತಿಯಿದೆ. ಔಷಧಿ ನಿಲ್ಲಿಸಿದರೆ ಗಡ್ಡೆ ಮತ್ತೆ ಬೆಳೆಯಬಹುದು.

ಗರ್ಭಕೋಶವನ್ನು ಉಳಿಸಿ ಗಡ್ಡೆಯನ್ನಷ್ಟೇ ತೆಗೆಯುವ ಶಸ್ತ್ರಚಿಕಿತ್ಸೆಗೆ ಮಯೋಮೆಕ್ಟಮಿ ಎಂದು ಹೆಸರು. ಗಡ್ಡೆಯ ಸ್ಥಾನಕ್ಕೆ ಅನುಗುಣವಾಗಿ ಇದನ್ನು ಯೋನಿಮಾರ್ಗದ ಮೂಲಕ, ಲ್ಯಾಪರೊಸ್ಕೋಪಿಯಿಂದ ಅಥವಾ ಹೊಟ್ಟೆ ಕೊಯ್ದು ಮಾಡುತ್ತಾರೆ. ಮುಂದೆ ಹೊಸ ಗಡ್ಡೆಗಳು ಹುಟ್ಟುವ ಸಾಧ್ಯತೆ ಉಳಿದಿರುತ್ತದೆ. ಗಡ್ಡೆಗೆ ರಕ್ತ ಒಯ್ಯುವ ನಾಳವನ್ನು ಸಣ್ಣ ಕಣಗಳಿಂದ ಮುಚ್ಚುವ ಎಂಬೊಲೈಸೇಷನ್ ವಿಧಾನವನ್ನು ನಾರುಗಡ್ಡೆಗೆ ಚಿಕಿತ್ಸೆಯಾಗಿ ಫ್ರಾನ್ಸಿನ ವೈದ್ಯರು 1995ರಲ್ಲಿ ವರದಿ ಮಾಡಿದರು. ಗರ್ಭ ಧರಿಸಲು ಬಯಸುವವರಿಗೆ ಇದನ್ನು ಸಾಮಾನ್ಯವಾಗಿ ಮೊದಲ ಆಯ್ಕೆಯಾಗಿ ಸೂಚಿಸುವುದಿಲ್ಲ.

ಗರ್ಭಕೋಶವನ್ನೇ ತೆಗೆಯುವ ಹಿಸ್ಟರೆಕ್ಟಮಿ ಶಾಶ್ವತ ಪರಿಹಾರವಾಗಿದ್ದು, ಇತರ ಚಿಕಿತ್ಸೆಗಳು ಫಲಿಸದವರಿಗೆ ಸೂಕ್ತವಾಗಿರಬಹುದು. ಇದರ ನಂತರ ಗರ್ಭಧಾರಣೆ ಸಾಧ್ಯವಿಲ್ಲ. ಅಂಡಾಶಯಗಳನ್ನೂ ತೆಗೆಯಬೇಕೇ ಎಂಬುದು ಪ್ರತ್ಯೇಕ ಪ್ರಶ್ನೆ. ಮುಟ್ಟು ನಿಲ್ಲುವ ಮೊದಲೇ ಎರಡೂ ಅಂಡಾಶಯಗಳನ್ನು ತೆಗೆದರೆ ಋತುಬಂಧ ಒಮ್ಮೆಲೇ ಉಂಟಾಗಿ ಮೂಳೆ ಹಾಗೂ ಹೃದಯದ ಆರೋಗ್ಯಕ್ಕೆ ಧಕ್ಕೆಯಾಗಬಹುದು.

ಮಾಹಿತಿಯ ಮೂಲಗಳು

ಹೆಚ್ಚಿನ ಮಹಿಳೆಯರಿಗೆ ಮೊದಲು ಮಾಹಿತಿ ಸಿಗುವುದು ತಾಯಿ, ಅಕ್ಕತಂಗಿಯರು, ಆಶಾ ಕಾರ್ಯಕರ್ತೆ ಅಥವಾ ಊರಿನ ವೈದ್ಯರಿಂದ. ನಂತರದ ಹಂತ ಸ್ತ್ರೀರೋಗ ತಜ್ಞರು. ಇಲ್ಲಿ ಒಂದು ಮಿತಿಯಿದೆ: ಎಂಬೊಲೈಸೇಷನ್ ಮಾಡುವವರು ಸ್ತ್ರೀರೋಗ ತಜ್ಞರಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿ ತಜ್ಞರು. ಇವರು ಮುಖ್ಯವಾಗಿ ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿದ್ದಾರೆ. ಒಂದು ಆಸ್ಪತ್ರೆಯಲ್ಲಿ ಲಭ್ಯವಿಲ್ಲದ ಚಿಕಿತ್ಸೆ ಅಲ್ಲಿನ ಮಾತುಕತೆಯಲ್ಲಿ ಪ್ರಸ್ತಾಪವಾಗದೇ ಹೋಗಬಹುದು. ತುರ್ತು ರಕ್ತಸ್ರಾವವಿಲ್ಲದಿದ್ದರೆ ವರದಿಗಳೊಂದಿಗೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಲು ಸಾಮಾನ್ಯವಾಗಿ ಸಮಯವಿರುತ್ತದೆ.

ಕನ್ನಡದಲ್ಲಿ ವೈದ್ಯೆ ಹಾಗೂ ಲೇಖಕಿ ಅನುಪಮಾ ನಿರಂಜನ ಅವರ ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂತಹ ಕೃತಿಗಳು ಮಹಿಳೆಯರಿಗೆ ತಮ್ಮ ಭಾಷೆಯಲ್ಲಿಯೇ ದೇಹದ ತಿಳಿವಳಿಕೆ ಒದಗಿಸಿದವು. ಅವರು 1991ರಲ್ಲಿ ನಿಧನರಾದರು. ಎಂಬೊಲೈಸೇಷನ್ ಬಂದದ್ದು ಆ ನಂತರ. ಹಾಗಾಗಿ ಹಳೆಯ ಪುಸ್ತಕಗಳ ಜೊತೆಗೆ ಇತ್ತೀಚಿನ ಮಾಹಿತಿಯೂ ಅಗತ್ಯ. ಚಿಕಿತ್ಸೆಗಳನ್ನು ಹೋಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳಿಗೆ ಸರಳ ಭಾಷೆಯ ಸಾರಾಂಶಗಳಿದ್ದರೂ ಅವು ಮುಖ್ಯವಾಗಿ ಇಂಗ್ಲಿಷಿನಲ್ಲಿವೆ.

ಒಪ್ಪಿಗೆ ಮತ್ತು ಕಾನೂನು

ಭಾರತದಲ್ಲಿ ಮಾಹಿತಿ ಪಡೆಯುವುದು ರೋಗಿಯ ಹಕ್ಕಾಗಿದೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ, ಲ್ಯಾಪರೊಸ್ಕೋಪಿ ತಪಾಸಣೆಗಾಗಿ ಅರಿವಳಿಕೆ ಪಡೆದಿದ್ದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು ಅವರ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಅನ್ವಯಿಸುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಪ್ರಯೋಜನ, ಅಪಾಯಗಳ ಜೊತೆಗೆ ಪರ್ಯಾಯಗಳನ್ನೂ ರೋಗಿಗೆ ತಿಳಿಸಬೇಕೆಂದು ಅದು ಹೇಳಿತು. 2002ರ ವೈದ್ಯಕೀಯ ನಡತೆಯ ನಿಯಮಾವಳಿಯಂತೆ, ಕೇಳಿದ 72 ಗಂಟೆಗಳೊಳಗೆ ರೋಗಿಗೆ ದಾಖಲೆಗಳನ್ನು ಒದಗಿಸಬೇಕು.

ಅನಗತ್ಯವಾಗಿ ಗರ್ಭಕೋಶ ತೆಗೆಯಲಾಗಿದೆ ಎಂಬ ದೂರುಗಳು ಬಿಹಾರ, ಛತ್ತೀಸ್‌ಗಢ ಮತ್ತು ರಾಜಸ್ಥಾನಗಳಿಂದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದವು. ಕರ್ನಾಟಕದ ಕಲಬುರಗಿ ಜಿಲ್ಲೆಯ ತಾಂಡಾಗಳ ಮಹಿಳೆಯರೂ ಇಂತಹ ದೂರು ನೀಡಿದ್ದರು. ಇಂತಹ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ನ್ಯಾಯಾಲಯ 2023ರ ಏಪ್ರಿಲ್‌ನಲ್ಲಿ ಆದೇಶಿಸಿತು.