ಟೆಕ್ಸಸ್‌ನ ಹತ್ತಿ ಸಬ್ಸಿಡಿ ಯಾರ ಕೈ ಸೇರುತ್ತದೆ?

"ಅಮೆರಿಕದಾಗ ಹತ್ತಿ ಬಿತ್ತಿದರ ಸಾಕು, ಸರ್ಕಾರ ರೊಕ್ಕ ಹಾಕ್ತದ." ಹತ್ತಿ ದರ ಬಿದ್ದಾಗಲೆಲ್ಲ ನಮ್ಮ ಕಡೆ ಕೇಳಿಬರುವ ಮಾತಿದು. ಸರ್ಕಾರ ರೊಕ್ಕ ಹಾಕುವುದು ನಿಜ, ಬಿತ್ತಿದರೆ ಸಾಕು ಎನ್ನುವುದು ತಪ್ಪು.

ಪಶ್ಚಿಮ ಟೆಕ್ಸಸ್‌ನಲ್ಲಿ ಲಬ್ಬಕ್ ನಗರದ ಸುತ್ತ ಲಿನ್, ಡಾಸನ್, ಟೆರ್ರಿಯಂಥ ಗ್ರಾಮೀಣ ಕೌಂಟಿಗಳಿವೆ. ಕೆಂಪು ನೆಲ, ಬಿಡದ ಗಾಳಿ, ಹಲವು ಕಡೆ ಮಳೆಯನ್ನೇ ನಂಬಿದ ಹತ್ತಿ. ಅಲ್ಲಿನ ಹೊಲಗಳಿಗೆ 'ಬೇಸ್ ಎಕರೆ' ಎಂಬ ಲೆಕ್ಕವಿದೆ. ಆ ಹೊಲದಲ್ಲಿ ಹಿಂದಿನ ವರ್ಷಗಳಲ್ಲಿ ಎಷ್ಟು ಹತ್ತಿ ಬಿತ್ತಿದ್ದರು ಎಂಬುದರ ಮೇಲೆ ನಿಂತ ಸರ್ಕಾರಿ ದಾಖಲೆ ಅದು. ಬೆಲೆ ಬಿದ್ದಾಗಿನ ಸಬ್ಸಿಡಿ ಸಿಗುವುದು ಈ ದಾಖಲೆಯ ಮೇಲೆ. ಈ ವರ್ಷ ಅದೇ ಹೊಲದಲ್ಲಿ ಜೋಳ ಬಿತ್ತಿದ್ದರೂ ಹತ್ತಿಯ ಹಣ ಬರುತ್ತದೆ. ದಾಖಲೆಯಿಲ್ಲದ ಹೊಲದಲ್ಲಿ ಹತ್ತಿ ಸೊಗಸಾಗಿ ಅರಳಿ ನಿಂತಿದ್ದರೂ ಬರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 2018ರ ಕಾನೂನಿನಲ್ಲಿ ಬೀಜ ಬಿಡಿಸದ ಹತ್ತಿಯ ಆಧಾರ ಬೆಲೆ ಪೌಂಡಿಗೆ 36.7 ಸೆಂಟ್ ಇತ್ತು. ದೇಶದ ಸರಾಸರಿ ಬೆಲೆ 34.7ಕ್ಕೆ ಇಳಿಯಿತು ಅನ್ನಿ, ವ್ಯತ್ಯಾಸ 2 ಸೆಂಟ್. ಸರ್ಕಾರ ತುಂಬಿಕೊಡುವುದು ಈ ವ್ಯತ್ಯಾಸವನ್ನೇ. 500 ಬೇಸ್ ಎಕರೆಯ ರೈತನಿಗೆ ಲೆಕ್ಕಕ್ಕೆ ಸಿಗುವುದು ಶೇ 85, ಅಂದರೆ 425 ಎಕರೆ. ಹಳೆಯ ದಾಖಲೆಯ ಇಳುವರಿ ಎಕರೆಗೆ 1,000 ಪೌಂಡ್ ಇದ್ದರೆ ಕೈಗೆ ಬರುವುದು 8,500 ಡಾಲರ್. ಅದೂ ಕೂಡಲೇ ಅಲ್ಲ. ಮೇ ತಿಂಗಳಲ್ಲಿ ಬಿತ್ತಿದ ಬೆಳೆಯ ಹಣ ಮರುವರ್ಷದ ಅಕ್ಟೋಬರ್‌ವರೆಗೆ ಕಾಯಿಸುತ್ತದೆ. ಅಷ್ಟರಲ್ಲಿ ಇನ್ನೊಂದು ಬೆಳೆ ಕಟಾವಿಗೆ ಬಂದಿರುತ್ತದೆ.

ಬರ ಬಿದ್ದರೂ ಈ ಹಣ ಕೈ ಹಿಡಿಯುತ್ತದೆ ಎಂದು ಹಲವರ ನಂಬಿಕೆ. 2022ರಲ್ಲಿ ಟೆಕ್ಸಸ್‌ನ ರೈತರು ಬಿತ್ತಿದ ಹತ್ತಿಯಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚನ್ನು ಕೊಯ್ಯದೆ ಕೈಬಿಟ್ಟರು. ಆ ವರ್ಷ ಈ ಯೋಜನೆಯಿಂದ ಒಂದು ಸೆಂಟೂ ಬರಲಿಲ್ಲ, ಏಕೆಂದರೆ ಮಾರುಕಟ್ಟೆಯ ಬೆಲೆ ಮೇಲಿತ್ತು. ಹೊಲ ಬೋಳಾದವನಿಗೆ ಏರಿದ ಬೆಲೆಯಿಂದ ಏನು ಬಂತು? ಅವನನ್ನು ಉಳಿಸಿದ್ದು ಬೆಳೆ ವಿಮೆ. ಅದರ ಕಂತಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಸರ್ಕಾರವೇ ಕಟ್ಟುತ್ತದೆ. ನನ್ನ ಮಟ್ಟಿಗೆ ನಿಜವಾದ ದೊಡ್ಡ ಸಬ್ಸಿಡಿ ಇದು, ಆದರೆ ಅದರ ಹೆಸರೇ ಮಾತಿನಲ್ಲಿ ಬರುವುದಿಲ್ಲ. ಬೆಲೆ ವ್ಯತ್ಯಾಸದ ಹಣಕ್ಕೆ ಒಬ್ಬರಿಗೆ 1,25,000 ಡಾಲರ್ ಮಿತಿಯಿತ್ತು, 2025ರಲ್ಲಿ ಅದನ್ನು 1,55,000ಕ್ಕೆ ಏರಿಸಿದರು. ವಿಮೆ ಕಂತಿನ ನೆರವಿಗೆ ಅಂಥ ಮಿತಿಯೇ ಇಲ್ಲ. ಎಕರೆ ಹೆಚ್ಚಿದಷ್ಟೂ ನೆರವು ಹೆಚ್ಚು.

ಅಮೆರಿಕವನ್ನು ಯಾರೂ ಪ್ರಶ್ನಿಸಲಾರರು ಎಂಬ ಮಾತೂ ಸರಿಯಲ್ಲ. ಅಮೆರಿಕದ ಹತ್ತಿ ಸಬ್ಸಿಡಿಯ ವಿರುದ್ಧ ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತು. 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ಅಮೆರಿಕ ಜಗಳ ಮುಗಿಸಿಕೊಂಡಿತು. ಅದೇ ವರ್ಷದ ಕಾನೂನಿನಲ್ಲಿ ಹತ್ತಿಯನ್ನು ಬೆಲೆ ನೆರವಿನ ಪಟ್ಟಿಯಿಂದ ತೆಗೆದಿದ್ದರು. 2018ರಲ್ಲಿ 'ಬೀಜ ಬಿಡಿಸದ ಹತ್ತಿ' ಎಂಬ ಹೆಸರಿನಲ್ಲಿ ಅದು ಮತ್ತೆ ಪಟ್ಟಿಗೆ ಬಂತು.

ಇನ್ನು ಹಣವೆಲ್ಲ ಜಮೀನಿನ ಒಡೆಯನಿಗೇ ಹೋಗುತ್ತದೆ ಎಂಬ ಮಾತು. ಕಾನೂನಿನ ಪ್ರಕಾರ ಬೆಳೆಯ ನಷ್ಟಕ್ಕೆ ಹೆಗಲು ಕೊಟ್ಟವನೇ ಹಣಕ್ಕೆ ಅರ್ಹ. ನಗದು ಲಾವಣಿಗೆ ಹೊಲ ಹಿಡಿದವನಿಗೆ ಪೂರ್ತಿ ಹಣ. ಪಾಲಿಗೆ ಮಾಡಿದರೆ ಇಬ್ಬರಿಗೂ ಅವರವರ ಪಾಲು. ಆದರೆ ಬೇಸ್ ಎಕರೆ ಇರುವ ಹೊಲಕ್ಕೆ ಒಡೆಯ ಲಾವಣಿ ಏರಿಸಬಹುದು, ಹಾಗೆ ಒಂದಿಷ್ಟು ಹಣ ಅವನ ಕಡೆಗೇ ಹರಿಯುತ್ತದೆ. ಆದರೂ ಲಾವಣಿದಾರನ ಹೆಸರು ಅಲ್ಲಿನ ಕಾನೂನಿನಲ್ಲಿದೆ. ನಮ್ಮಲ್ಲಿ ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿ ಹೋಗುವುದು ಜಮೀನು ಹೆಸರಿನಲ್ಲಿರುವ ಕುಟುಂಬಕ್ಕೆ. ಅದೇ ಹೊಲವನ್ನು ಲಾವಣಿಗೆ ಹಿಡಿದು, ಸಾಲ ಮಾಡಿ ಬೀಜ ತಂದು ಹತ್ತಿ ಬೆಳೆದವನ ಹೆಸರು ಆ ಪಟ್ಟಿಯಲ್ಲಿಲ್ಲ.