ಸೂರ್ಯಕಾಂತಿಯಲ್ಲಿ ಜೊಳ್ಳು ಕಾಳು: ಕಾರಣವೇನು, ಪರಿಹಾರವೇನು?

ಹೊಲದ ತುಂಬ ತಟ್ಟೆಯಗಲದ ಹೂಗಳು. ನೋಡಿದವರೆಲ್ಲ ಈ ಸಲ ಬೆಳೆ ಚೆನ್ನಾಗಿದೆ ಎನ್ನುವವರೇ. ಆದರೆ ತೆನೆ ಬಡಿದು ತೂರಿದಾಗ ಬಹಳಷ್ಟು ಕಾಳು ಗಾಳಿಗೆ ಹಾರಿಹೋಗುತ್ತದೆ. ಸೂರ್ಯಕಾಂತಿ ಬೆಳೆದ ಅನೇಕ ರೈತರ ಅನುಭವವಿದು. ಹೀಗಾದಾಗ ಬೀಜವನ್ನೋ ಮಣ್ಣನ್ನೋ ದೂರುವುದು ವಾಡಿಕೆ. ಆದರೆ ಬಹುಮಟ್ಟಿಗೆ ಇದರ ಕಾರಣವಿರುವುದು ಹೂ ಅರಳುವ ಎಂಟು ಹತ್ತು ದಿನಗಳಲ್ಲಿ.

ಬೆಳೆ ಬಂದ ಬಗೆ

ನಮ್ಮಲ್ಲಿ ಸೂರ್ಯಕಾಂತಿ ಮೊದಲು ಅಂಗಳದ ಅಲಂಕಾರದ ಗಿಡವಾಗಿತ್ತು. 1969ರಲ್ಲಿ ರಷ್ಯದ ತಳಿಗಳು ಬಂದ ಮೇಲೆ ಎಣ್ಣೆಕಾಳಿನ ಬೆಳೆಯಾಯಿತು. ಮುಂಗಾರು, ಹಿಂಗಾರು, ಬೇಸಿಗೆ ಮೂರರಲ್ಲೂ ಬರುವ ಗುಣದಿಂದ ಬೇಗನೆ ಹರಡಿತು. ದೇಶದ ಮೊದಲ ಸಂಕರಣ ತಳಿ ಬಿ.ಎಸ್.ಎಚ್.-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದಲೇ 1980ರಲ್ಲಿ ಹೊರಬಂತು. 1990ರ ದಶಕದ ಮೊದಲ ಭಾಗದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರಿಗೂ ಹೆಚ್ಚು ಪ್ರದೇಶದಲ್ಲಿ ಈ ಬೆಳೆಯಿತ್ತು. ಆಮೇಲೆ 1997ರಲ್ಲಿ ಬಾಗೇಪಲ್ಲಿ ಭಾಗದಲ್ಲಿ ಕಾಣಿಸಿಕೊಂಡ ನೆಕ್ರೋಸಿಸ್ ನಂಜುರೋಗ, ಬೆಲೆಯ ಏರಿಳಿತ, ಕಡಿಮೆ ಇಳುವರಿ ಎಲ್ಲ ಸೇರಿ ಬೆಳೆ ಹಿಂದೆ ಸರಿಯಿತು. ಇಂದು ನಾವು ಬಳಸುವ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಹೊರದೇಶದ್ದು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ನಮ್ಮ ಅಡುಗೆಮನೆಗೂ ಅದರ ಬಿಸಿ ತಟ್ಟಿತು.

ಕಾಳು ಜೊಳ್ಳಾಗುವುದೇಕೆ?

ನಾವು ಒಂದು ಹೂ ಎನ್ನುವುದು ನಿಜವಾಗಿ ನೂರಾರು ಪುಟ್ಟ ಹೂಗಳ ಗೊಂಚಲು. ಇವು ಅಂಚಿನಿಂದ ಒಳಕ್ಕೆ, ದಿನಕ್ಕೆ ಕೆಲವು ಸುತ್ತಿನಂತೆ ಅರಳುತ್ತವೆ. ಪ್ರತಿ ಪುಟ್ಟ ಹೂವಿನಲ್ಲಿ ಮೊದಲು ಪರಾಗ ಹೊರಬರುತ್ತದೆ, ಅದನ್ನು ಸ್ವೀಕರಿಸುವ ಶಲಾಕೆ ಆಮೇಲೆ ತೆರೆದುಕೊಳ್ಳುತ್ತದೆ. ಅನೇಕ ತಳಿಗಳಲ್ಲಿ ತನ್ನದೇ ಪರಾಗದಿಂದ ಕಾಳು ಸರಿಯಾಗಿ ಕಟ್ಟುವುದಿಲ್ಲ. ಪರಾಗವು ಅಂಟಾಗಿರುವುದರಿಂದ ಗಾಳಿಯಿಂದಲೂ ಹೆಚ್ಚು ಕೆಲಸವಾಗದು. ಈ ಕೆಲಸ ಜೇನಿನದು. ಜೇನು ಬಾರದ ಹೊಲದಲ್ಲಿ ಜೊಳ್ಳು ತಪ್ಪದು.

ತೆನೆಯ ನಡುಭಾಗ ಮಾತ್ರ ಜೊಳ್ಳಾಗಿದ್ದರೆ ನೀರು ಮತ್ತು ಪೋಷಕಾಂಶದ ಕೊರತೆಯನ್ನೂ ಸಂಶಯಿಸಬೇಕು. ನಡುವಿನ ಹೂಗಳು ಕೊನೆಗೆ ಅರಳುವುದರಿಂದ ಅವಕ್ಕೆ ಉಳಿದದ್ದೇ ಪಾಲು.

ಏನು ಮಾಡಬೇಕು?

1. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರವಿರಲಿ. ಬಿತ್ತಿದ 10-15 ದಿನಗಳಲ್ಲಿ ಗುಣಿಗೆ ಒಂದೇ ಸಸಿ ಉಳಿಸಿ ಮಿಕ್ಕವನ್ನು ಕೀಳಬೇಕು.

2. ಮೊಗ್ಗು, ಹೂ ಮತ್ತು ಕಾಳು ಕಟ್ಟುವ ಹಂತಗಳಲ್ಲಿ ಭೂಮಿಯಲ್ಲಿ ತೇವ ಇರಲೇಬೇಕು. ಒಂದೆರಡು ಸಲ ಮಾತ್ರ ನೀರು ಕೊಡಲು ಸಾಧ್ಯವಿದ್ದರೆ ಈ ಹಂತಗಳಿಗೇ ಮೀಸಲಿಡಿ.

3. ಹಳದಿ ಎಸಳು ಬಿಚ್ಚಿಕೊಳ್ಳುವಾಗ ಲೀಟರ್ ನೀರಿಗೆ 2 ಗ್ರಾಂ ಬೋರಾಕ್ಸ್ ಬೆರೆಸಿ ತೆನೆಗೆ ಸಿಂಪಡಿಸಿ. ಬೋರಾಕ್ಸನ್ನು ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿಕೊಳ್ಳಬೇಕು.

4. ಎಕರೆಗೆ ಎರಡು ಜೇನುಪೆಟ್ಟಿಗೆ ಇಟ್ಟರೆ ಒಳ್ಳೆಯದು. ಕಾಳಿನ ಜೊತೆ ಜೇನುತುಪ್ಪವೂ ದೊರೆಯುತ್ತದೆ.

5. ಹೂ ಅರಳಿದ ದಿನಗಳಲ್ಲಿ ಕೀಟನಾಶಕ ಸಿಂಪಡಿಸಬೇಡಿ. ತೆನೆ ಕೊರೆಯುವ ಹುಳುವಿಗೆ ಜೇನಿಗೆ ತೊಂದರೆಯಿಲ್ಲದ ಎನ್.ಪಿ.ವಿ. ನಂಜಾಣು ದ್ರಾವಣವನ್ನು ಸಂಜೆ ಹೊತ್ತು ಸಿಂಪಡಿಸಬಹುದು.

6. ಜೇನು ಕಡಿಮೆಯಿದ್ದರೆ ಕೈಯಿಂದ ಪರಾಗಸ್ಪರ್ಶ ಮಾಡಿಸಿ. ಬೆಳಿಗ್ಗೆ 8ರಿಂದ 11 ಗಂಟೆಯೊಳಗೆ, ಅಂಗೈಗೆ ಮೆತ್ತನೆಯ ಬಟ್ಟೆ ಸುತ್ತಿ ಒಂದು ತೆನೆಯಿಂದ ಮತ್ತೊಂದು ತೆನೆಗೆ ಹಗುರವಾಗಿ ಸವರುತ್ತ ಹೋಗಬೇಕು. ದಿನ ಬಿಟ್ಟು ದಿನ ನಾಲ್ಕೈದು ಸಲ ಮಾಡಿದರೆ ಎಲ್ಲ ಸುತ್ತಿನ ಹೂಗಳಿಗೂ ಪರಾಗ ತಲುಪುತ್ತದೆ. ಮನೆಮಂದಿಯೇ ಮಾಡಬಹುದಾದ ಕೆಲಸವಿದು.

ನೀವೇ ಪರೀಕ್ಷಿಸಿ

ತೆನೆಯ ಹಿಂಬದಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿದಾಗ ಬೆಳೆ ಕೊಯ್ಲಿಗೆ ಬಂದಿದೆ ಎಂದು ತಿಳಿಯಬೇಕು. ಆಗ ಹೊಲದ ಬೇರೆ ಬೇರೆ ಕಡೆಯಿಂದ ಹತ್ತು ತೆನೆ ತನ್ನಿ. ಪ್ರತಿ ತೆನೆಯ ಅಂಚಿನಿಂದ ನಡುವಿನವರೆಗೆ ಒಂದು ಪಟ್ಟಿಯ ಕಾಳು ಬಿಡಿಸಿ, ಒಟ್ಟುಗೂಡಿಸಿ, ನೂರು ಕಾಳು ಎಣಿಸಿ ಹಿಸುಕಿ ನೋಡಿ. ಜೊಳ್ಳು ಎಷ್ಟೆಂದು ಗುರುತು ಹಾಕಿಟ್ಟುಕೊಳ್ಳಿ. ಮುಂದಿನ ಸಲ ಹೊಲದ ಅರ್ಧಕ್ಕೆ ಮಾತ್ರ ಕೈಯಿಂದ ಪರಾಗಸ್ಪರ್ಶ ಮಾಡಿಸಿ ಮತ್ತೆ ಎಣಿಸಿ. ಎಷ್ಟು ಲಾಭವಾಯಿತೆಂದು ಯಾರೂ ಹೇಳಬೇಕಾಗಿಲ್ಲ, ನಿಮ್ಮ ಕಣವೇ ಹೇಳುತ್ತದೆ.